ಅರ್ಧ ಹೆಜ್ಜೆಯ ಕೆಸರು

ಬೆಂಕಿ ಎಸೆಯುವವರಿಗೆ ಸಿಗುವ ಚಪ್ಪಾಳೆ ಕೆಸರು ಮಾಡುವವರಿಗೆ ಸಿಗುವುದಿಲ್ಲ. ಇದು ನನ್ನ ಸ್ವಂತ ಅನುಭವ. ಘಾಟ್ಕೋಪರ್‌ನ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಭಾನುವಾರ ಮಧ್ಯಾಹ್ನ ಯುದ್ಧ ನಡೆಯುತ್ತದೆ. ಅದರಲ್ಲಿ ನನ್ನ ಗಂಡ ಬೆಂಕಿಯ ಮಂತ್ರವಾದಿ, ನಾನು ಕೆಸರಿನ ಮಂತ್ರವಾದಿ. ಅವರು ಕೈ ಎತ್ತಿದರೆ ಸಾಲು ಸಾಲು ರಾಕ್ಷಸರು ಸುಟ್ಟು ಹೋಗುತ್ತಾರೆ. ನಾನು ಕೈ ಎತ್ತಿದರೆ ನೆಲ ಅಂಟಂಟಾಗುತ್ತದೆ, ಅಷ್ಟೇ. ಒಬ್ಬರೂ ಸಾಯುವುದಿಲ್ಲ. "ಮತ್ತ ಕೆಸರೇನು?" ಎಂದು ಅವರು ನಗುವಾಗ ನನಗೆ ಮೈಯೆಲ್ಲ ಉರಿಯುತ್ತದೆ.

ಈ ಆಟವನ್ನು ಮನೆಗೆ ತಂದವಳು ಕಾಲೇಜಿಗೆ ಹೋಗುವ ನಮ್ಮ ಮಗಳು. ಕಥೆ ನಡೆಸುವವಳು ಅವಳೇ. ಕೋಟೆ, ಕಾಡು, ರಾಕ್ಷಸರ ಪಡೆ ಎಲ್ಲವೂ ಅವಳ ಬಾಯಲ್ಲಿ ಹುಟ್ಟುತ್ತವೆ. ನಾವು ಅದರೊಳಗೊಂದು ಪಾತ್ರವಾಗಿ, ಏನು ಮಾಡುತ್ತೇವೆಂದು ಹೇಳಿ, ಇಪ್ಪತ್ತು ಮುಖದ ದಾಳ ಎಸೆಯಬೇಕು. ದೊಡ್ಡ ಸಂಖ್ಯೆ ಬಿದ್ದರೆ ಗೆದ್ದೆವು, ಸಣ್ಣದು ಬಿದ್ದರೆ ಕೆಟ್ಟೆವು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಚೌಕಗಳನ್ನು ಎಳೆದು ರಣರಂಗ ಮಾಡುತ್ತಾಳೆ. ರಾಕ್ಷಸರೆಂದರೆ ಹುರಿದ ಶೇಂಗಾ. ಯಾರು ಕೊಂದರೋ ಅವರೇ ಆ ಕಾಳನ್ನು ತಿನ್ನಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಹೀಗಾಗಿ ಪ್ರತಿ ಭಾನುವಾರ ನನ್ನ ಗಂಡನ ಹೊಟ್ಟೆ ತುಂಬುತ್ತದೆ, ನಾನು ಬರೀ ಚಹಾ ಕುಡಿದು ಏಳುತ್ತೇನೆ.

ನಾಲ್ಕನೆಯವರು ನನ್ನ ಅತ್ತೆ. ಮೂಲತಃ ವಿಜಯಪುರದ ಕಡೆಯವರು, ಮುಂಬೈಗೆ ಬಂದು ಅರ್ಧ ಆಯುಷ್ಯ ಕಳೆದಿದೆ. ಮಂಡಿಯ ಆಪರೇಷನ್ ಆದ ಮೇಲೆ ಅವರು ಮನೆಯ ಹೊಸ್ತಿಲು ದಾಟಿರಲಿಲ್ಲ. ಡಾಕ್ಟರು ಕಾಲು ಚೆನ್ನಾಗಿದೆ, ದಿನಾ ಕೆಳಗಿಳಿದು ನಡೆಯಿರಿ ಎಂದಿದ್ದರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯೂ ಅದನ್ನೇ ಹೇಳಿ ಹೇಳಿ ಸೋತಳು. "ಬಿದ್ದರ ಯಾರು ಎತ್ತತಾರ?" ಎಂದು ಕೇಳಿ ಅತ್ತೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು. ಊರಲ್ಲಿ ಬೆಳಗ್ಗೆ ಹೊಳೆಯ ತನಕ ನಡೆದು ಹೋಗಿ ಬರುತ್ತಿದ್ದೆ ಎಂದು ಹೇಳಿಕೊಳ್ಳುತ್ತಿದ್ದವರು, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದರು.

ಮಗಳು ಅವರನ್ನು ಒತ್ತಾಯ ಮಾಡಿ ಟೇಬಲ್ಲಿಗೆ ಎಳೆದು ತಂದ ದಿನ ನನಗೆ ನೆನಪಿದೆ. ಯಾರಾಗುತ್ತೀ ಅಜ್ಜಿ ಎಂದು ಕೇಳಿದ್ದಕ್ಕೆ, "ಕತ್ತಿ ಹಿಡಿಯಾಕಿ. ಗೋಡಿ ಜಿಗಿಯಾಕಿ" ಎಂದರು. ತಮ್ಮ ಆಟದ ಕಾಯಿಯಾಗಿ ಒಂದು ಹುಣಸೆ ಬೀಜ ಆರಿಸಿಕೊಂಡರು. ಆಮೇಲೆ ಆ ಹುಣಸೆ ಬೀಜ ಜಿಗಿಯದ ಗೋಡೆ ಇಲ್ಲ, ಇಳಿಯದ ಕಂದಕ ಇಲ್ಲ. ಶನಿವಾರ ಸಂಜೆಯೇ ಶೇಂಗಾ ಹುರಿಯಲು ಹೇಳುತ್ತಿದ್ದರು. ವಾರದಲ್ಲಿ ಆ ಒಂದು ಮಧ್ಯಾಹ್ನ ಮಾತ್ರ ಅವರು ನಮ್ಮ ಹಳೆಯ ಅತ್ತೆಯಾಗಿರುತ್ತಿದ್ದರು.

ಆದರೆ ಮೊದಲ ದಿನವೇ ಒಂದು ನಿಯಮ ಹಾಕಿದ್ದರು. ಪಾತ್ರ ಸತ್ತರೆ ಮಂತ್ರ ಹಾಕಿ ಬದುಕಿಸಬಹುದು ಎಂದು ಮಗಳು ವಿವರಿಸುತ್ತಿದ್ದಾಗ ಅತ್ತೆ ತಡೆದರು. "ಸತ್ತವರು ಸತ್ತಂಗ. ಎದ್ದು ಬರೂದಾದ್ರ ಅದೆಂಥಾ ಯುದ್ಧ? ನಾ ಸತ್ತರ ನನ್ನ ಆಟ ಮುಗೀತು, ಮತ್ತ ಕುಂಡ್ರೂದಿಲ್ಲ." ಅವರು ಹೇಳಿದರೆ ಹೇಳಿದ್ದೇ. ಹುಣಸೆ ಬೀಜ ಸತ್ತ ದಿನ ಅವರು ಮತ್ತೆ ಗೋಡೆಯ ಕಡೆ ಹೊರಳಿ ಮಲಗುತ್ತಾರೆಂದು ನಮಗೆ ಮೂವರಿಗೂ ಗೊತ್ತಿತ್ತು.

ಆ ಭಾನುವಾರ ಕೋಟೆಯಿಂದ ಪಾರಾಗುವ ಸಂದರ್ಭ. ನಾನು, ನನ್ನ ಗಂಡ ಹೆಬ್ಬಾಗಿಲು ದಾಟಿ ಹೊರಗೆ ಬಂದಿದ್ದೆವು. ನಮ್ಮನ್ನು ಮೊದಲು ಕಳಿಸಲು ಅತ್ತೆಯ ಹುಣಸೆ ಬೀಜ ಒಳಗೇ ನಿಂತು ಕತ್ತಿ ಬೀಸಿತ್ತು. ಈಗ ಅದರ ಜೀವ ತುದಿಗೆ ಬಂದಿತ್ತು, ಇನ್ನೊಂದು ಪೆಟ್ಟು ಬಿದ್ದರೆ ಮುಗಿಯಿತು. ಹಿಂದೆ ಅಂಗಳದ ತುಂಬ ಶೇಂಗಾ. ನನ್ನ ಬಳಿ ಒಂದೇ ಒಂದು ಮಂತ್ರ ಉಳಿದಿತ್ತು, ಅದೇ ಕೆಸರು.

ನನ್ನ ಆಫೀಸು ಬೈಕುಲ್ಲಾದಲ್ಲಿ. ದಿನಾ ಲೋಕಲ್ ರೈಲು ಹಿಡಿದು ಹೋಗಿ ಬರುವವಳು ನಾನು. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಕಂಬ ಹಿಡಿದು ನಿಂತೆನೆಂದರೆ ಹೊರಗಿನಿಂದ ನುಗ್ಗುವವರಿಗೆ ನಾನೇ ಗೋಡೆ. ಆ ಕಲೆಯ ಬಗ್ಗೆ ನನಗೆ ಜಂಬವಿದೆ, ಮುಚ್ಚಿಡುವುದಿಲ್ಲ. ಹೆಬ್ಬಾಗಿಲು ಕಂಡಿತು, ನುಗ್ಗುವ ಜನ ಕಂಡರು, ನನ್ನ ತಲೆ ಓಡಿತು. ಕೆಸರಿನ ಗುರುತಿಗೆ ನಾವು ಇಟ್ಟುಕೊಂಡಿದ್ದ ಕಂದು ಬಣ್ಣದ ಕುಪ್ಪಸದ ಖಣದ ತುಂಡನ್ನು ಎತ್ತಿ, ಬಾಗಿಲಿಗೆ ಅಡ್ಡಲಾಗಿ ಒಳಮಗ್ಗುಲಿನ ಚೌಕಗಳ ಮೇಲೆ ಹಾಸಿದೆ. ಒಂದು ಚೌಕವನ್ನೂ ಬಿಡದೆ, ಗೋಡೆಯಿಂದ ಗೋಡೆಗೆ.

"ಬರ್ರಿ ಈಗ, ಹ್ಯಾಂಗ ಬರ್ತೀರಿ ನೋಡೂಣು" ಎಂದೆ ಶೇಂಗಾಗಳಿಗೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಗಂಡ ನಕ್ಷೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ಅಲ್ಲಾ, ಅವ್ವ ಇನ್ನೂ ಒಳಗದಾಳ. ಇಳಿಯೋರಿಗೆ ಮೊದಲ ದಾರಿ ಬಿಡಬೇಕು ಅಂತ ದಿನಾ ಲೋಕಲ್‌ನ್ಯಾಗ ಹೋಗಾಕಿಗೆ ನಾ ಹೇಳಬೇಕೇನು?"

ತಟ್ಟನೆ ಖಣದ ತುದಿಗೆ ಕೈ ಹಾಕಿದೆ. ಮಗಳು ಅದರ ಮೇಲೆ ಬೆರಳಿಟ್ಟಳು. "ಮಮ್ಮಿ, ರಖ್ ದಿಯಾ ತೋ ರಖ್ ದಿಯಾ. ಇಟ್ಟಿದ್ದು ಇಟ್ಟಂಗೆ, ವಾಪಸ್ ತಗೊಳ್ಳೋದು ಇಲ್ಲ."

"ಅಜ್ಜಿ ಸಾಯ್ತಾಳ ಇಲ್ಲಿ" ಎಂದೆ.

"ರೂಲ್ ಅಂದ್ರೆ ರೂಲ್. ಅಜ್ಜಿನೇ ಹೇಳಿದ್ದು." ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಅಜ್ಜಿಯ ಮೇಲಿತ್ತು.

ಅತ್ತೆ ಗಾಬರಿಯಾಗಿರಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಖಣವನ್ನು ನೋಡಿದರು. "ಈ ರಾಡಿಯೊಳಗ ಹೋದ್ರ ಏನಾಗತದ, ಮತ್ತೊಮ್ಮೆ ಹೇಳು ಕೂಸ."

ಮಗಳು ಹಿಂದಿ, ಕನ್ನಡ ಎರಡನ್ನೂ ಕೂಡಿಸಿ ಹೇಳಿದಳು. ಕೆಸರಿಗೆ ನಮ್ಮವರು, ವೈರಿಗಳು ಎಂಬ ಭೇದವಿಲ್ಲ. ಓಡಿದರೆ ದಾಳ ಎಸೆಯಬೇಕು, ಸಣ್ಣ ಸಂಖ್ಯೆ ಬಂದರೆ ಬೀಳುತ್ತಾರೆ. ಅರ್ಧ ಹೆಜ್ಜೆ ಹಾಕಿ ನಡೆದರೆ ದಾಳವೇ ಬೇಡ, ಬೀಳುವುದಿಲ್ಲ. ಆದರೆ ನಿಧಾನ.

"ಓಡವ್ವಾ" ಎಂದರು ನನ್ನ ಗಂಡ. ನಾನೂ ಅದನ್ನೇ ಹೇಳಿದೆ. ಬೆನ್ನ ಹಿಂದೆ ಅಷ್ಟು ರಾಕ್ಷಸರಿರುವಾಗ ಯಾರಾದರೂ ನಡೆಯುತ್ತಾರೆಯೇ?

"ಓಡೂದಿಲ್ಲ" ಎಂದರು ಅತ್ತೆ. "ಅರ್ಧಾ ಹೆಜ್ಜಿ ಅಂದ್ರ ನನಗ ರೂಢಿ ಅದ. ದಿನಾ ಬಚ್ಚಲಕ್ಕ ಹಂಗ ಹೋಗತೇನಿ." ಹುಣಸೆ ಬೀಜವನ್ನು ಎತ್ತಿ ಖಣದ ಮೇಲೆ ಒಂದು ಚೌಕ ಮುಂದಿಟ್ಟರು.

ಮಗಳ ರಾಕ್ಷಸರು ಮೊದಲಿನಿಂದಲೂ ಹಸಿದವರು, ಸದಾ ಓಡುವವರು. ಇವತ್ತೂ ಓಡಿದರು. ಮುಂದಿನವನಿಗೆ ದಾಳ ಎಸೆದಳು. ಮೂರು. ಬಿದ್ದ. ಅವನನ್ನು ತುಳಿದು ಬಂದವನಿಗೆ ಎರಡು. ಅವನೂ ಬಿದ್ದ. ಹಿಂದಿನವರಿಗೆ ಕಾಲಿಡಲು ಜಾಗವಿಲ್ಲ, ಅವರ ಹಿಂದಿನವರಿಗೆ ತಡೆದುಕೊಳ್ಳುವ ತಾಳ್ಮೆಯಿಲ್ಲ. ಸಂಜೆ ನಮ್ಮ ಸ್ಟೇಷನ್ನಿನ ಸೇತುವೆಯ ಮೇಲೆ ಒಬ್ಬರ ಚಪ್ಪಲಿ ಕಿತ್ತರೆ ಆಗುವ ಗದ್ದಲವೇ ಅಲ್ಲಿಯೂ ಆಯಿತು. ನನ್ನ ಗಂಡ ಕುರ್ಚಿಯ ಮೇಲೆ ಮೊಣಕಾಲೂರಿ ನಿಂತಿದ್ದರು. ನಾನು ಅವರ ತೋಳನ್ನು ಹಿಂಡುತ್ತಿದ್ದೆ. ಅತ್ತೆ ಮಾತ್ರ ಪ್ರತಿ ಸರದಿಗೂ "ಅರ್ಧಾ ಹೆಜ್ಜಿ" ಎನ್ನುತ್ತ ಬೀಜವನ್ನು ಒಂದೊಂದೇ ಚೌಕ ಸರಿಸುತ್ತಿದ್ದರು.

ಒಬ್ಬ ಮಾತ್ರ ಬೀಳಲಿಲ್ಲ. ಎಸೆದಾಗೆಲ್ಲ ದೊಡ್ಡ ಸಂಖ್ಯೆ. ಬಾಗಿಲಿಗೆ ಇನ್ನೊಂದೇ ಚೌಕ ಇರುವಾಗ ಅವನು ಬೀಜದ ಪಕ್ಕಕ್ಕೆ ಬಂದು ನಿಂತ. ಮಗಳು ಅವನ ಪೆಟ್ಟಿಗೆ ದಾಳ ಎತ್ತಿಕೊಂಡಳು, ಎಸೆಯದೆ ಮುಷ್ಟಿಯಲ್ಲೇ ಹಿಡಿದು ಕೂತಳು. ಅವಳಿಗೂ ಅಜ್ಜಿ ಬೇಕಲ್ಲ.

"ಒಗಿ" ಎಂದರು ಅತ್ತೆ. "ಅಂಜಬ್ಯಾಡ."

ದಾಳ ಉರುಳಿತು, ಚಹಾದ ಲೋಟಕ್ಕೆ ಬಡಿದು ತಿರುಗಿತು, ನಿಂತಿತು. ನಾಲ್ಕು. ಪೆಟ್ಟು ತಪ್ಪಿತು.

ಅತ್ತೆ ಕೊನೆಯ ಅರ್ಧ ಹೆಜ್ಜೆ ಹಾಕಿ ಹೊರಗೆ ಬಂದರು. ಅವ್ವನಿಗೆ ತಗುಲೀತೆಂದು ಅಷ್ಟು ಹೊತ್ತು ತಡೆದಿದ್ದ ಬೆಂಕಿಯನ್ನು ನನ್ನ ಗಂಡ ಕೆಸರಿನಲ್ಲಿ ರಾಶಿಬಿದ್ದ ಪಡೆಯ ಮೇಲೆ ಸುರಿದರು. ನಾವೆಲ್ಲ ಕೂಗಿದ ಕೂಗಿಗೆ ಪಕ್ಕದ ಮನೆಯ ಹೆಂಗಸು ಬೆಲ್ ಒತ್ತಿ, ಮ್ಯಾಚ್ ಯಾರು ಗೆದ್ದರು ಎಂದು ಕೇಳಿದಳು. ಲೆಕ್ಕದ ಪ್ರಕಾರ ಶೇಂಗಾ ಎಲ್ಲ ನನ್ನ ಗಂಡನದು. ಅವರು ಒಂದೂ ಮುಟ್ಟದೆ ಹಿಡಿ ತುಂಬಿಕೊಂಡು ನನ್ನ ಮುಂದೆ ಸುರಿದರು. ಅಷ್ಟು ರುಚಿಯಾದ ಶೇಂಗಾ ನಾನು ಜನ್ಮದಲ್ಲಿ ತಿಂದಿಲ್ಲ.

ಮರುದಿನ ಸಂಜೆ ಆಫೀಸಿನಿಂದ ಬಂದು ಬಾಗಿಲು ತೆರೆದೆ. ಒಳಗೆ ಹೊಸ್ತಿಲ ಪಕ್ಕದಲ್ಲೇ ಅತ್ತೆ ನಿಂತಿದ್ದರು. ಕಾಲಿಗೆ ಚಪ್ಪಲಿ, ಕೈಯಲ್ಲಿ ಕೋಲು. ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಟ್ಟಿದ್ದರು.

"ಎಲ್ಲಿಗ್ರಿ ಅತ್ತಿ?"

"ಲಿಫ್ಟ್ ಕರಿ. ಕೆಳಗ ಹೋಗತೇನಿ." ಅವರು ಕೋಲನ್ನು ಹೊಸ್ತಿಲ ಮೇಲೆ ಊರಿದರು. "ಅರ್ಧಾ ಹೆಜ್ಜಿ ಹಾಕಿದ್ರ ದಾಳ ಒಗಿಯೂದು ಬ್ಯಾಡ, ಹೌದಲ್ಲ?"

"ಬ್ಯಾಡ್ರಿ" ಎಂದೆ. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಬಾಗಿಲಿಗೆ ಅಡ್ಡಲಾಗಿ ನಿಂತಿದ್ದೇನೆಂದು ಆಗ ಹೊಳೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.