ಎರಡು ಊರಲ್ಲಿ ಕುಡಿದ ವಿಟಮಿನ್ ಎ

ನನ್ನ ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ಕಬ್ಬಾಳಿನ ಸುತ್ತಲಿನ ಹಳ್ಳಿಗಳಿಗೆ ನಾನೇ ಆರೋಗ್ಯ ಸಹಾಯಕಿ. ಜನರ ಬಾಯಲ್ಲಿ ನರ್ಸಮ್ಮ. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರದ ಚುಚ್ಚುಮದ್ದಿನ ಜತೆ ಒಂದು ಎಂ.ಎಲ್. ವಿಟಮಿನ್ ಎ, ಅಂದರೆ ಒಂದು ಲಕ್ಷ ಯೂನಿಟ್ ಕುಡಿಸುತ್ತೇವೆ. ಅದು ಕಡಿಮೆಯಾದರೆ ಇರುಳುಗಣ್ಣು, ಪದೇ ಪದೇ ಭೇದಿ, ಸೋಂಕು. ಈ ಲೆಕ್ಕದಲ್ಲಿ ತಪ್ಪುವ ಹೆಂಗಸು ನಾನಲ್ಲ ಎಂಬ ಜಂಬವೂ ನನಗಿತ್ತು.

ಒಂದು ಗುರುವಾರ ಗೌರಮ್ಮ ಎಂಬುವರು ಮೊಮ್ಮಗನನ್ನು ಅಂಗನವಾಡಿಗೆ ತಂದರು. ಹಿಂದೆ ಸೊಸೆ ರಮ್ಯಾ. ಹೆರಿಗೆಗೆ ಹೋದವಳು ಚನ್ನಪಟ್ಟಣದ ಕಡೆಯ ತವರಿನಿಂದ ಮೊನ್ನೆಯಷ್ಟೇ ಬಂದಿದ್ದಳು. ತೊಟ್ಟಿಲು, ಬೆಳ್ಳಿ ಉಡಿದಾರ ಎಲ್ಲ ಬಂದಿದ್ದವು. ಯಾವ ಲಸಿಕೆ ಯಾವಾಗ ಹಾಕಿದರೆಂದು ಬರೆದಿಡುವ ತಾಯಿ ಕಾರ್ಡ್ ಮಾತ್ರ ಅಲ್ಲೇ ಉಳಿದಿತ್ತು. ಒಂಬತ್ತು ತಿಂಗಳದ್ದು ಹಾಕಿಸಿದ್ದೀರಾ ಎಂದು ನಾನು ಕೇಳಿದ್ದು ಅತ್ತೆಯನ್ನು.

"ಅವ್ರ ಮನೇಲಿ ಯಾರ್ಗೈತೆ ಆ ಗ್ಯಾನ? ನೀವೇ ಹಾಕಿ ನರ್ಸಮ್ಮ."

ನಮ್ಮ ಕಡೆ ಅತ್ತೆ ಮಾತಾಡುವಾಗ ಸೊಸೆ ನಡುವೆ ಬಾಯಿ ಹಾಕುವುದಿಲ್ಲ. ರಮ್ಯಾ ತಲೆ ತಗ್ಗಿಸಿ ನಿಂತಿದ್ದಳು. ನಾನು ಸೂಜಿಯನ್ನೂ ಚುಚ್ಚಿದೆ, ದ್ರಾವಣವನ್ನೂ ಕುಡಿಸಿದೆ.

ಮಾರನೆಯ ದಿನ ಮಗು ಕಕ್ಕತೊಡಗಿತು, ಅಳು ನಿಲ್ಲಲಿಲ್ಲ. ನೆತ್ತಿಗೆ ಹರಳೆಣ್ಣೆ ಹಚ್ಚಲು ಹೋದ ಗೌರಮ್ಮನವರ ಕೈಗೆ ಅದು ಉಬ್ಬಿರುವುದು ತಿಳಿಯಿತು. ಕನಕಪುರದ ಆಸ್ಪತ್ರೆಗೆ ಓಡಿದರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ, ಮಿದುಳು ಜ್ವರವಿರಬಹುದೆಂದು ಮಕ್ಕಳ ಡಾಕ್ಟರು ಬೆನ್ನಿನ ನೀರು ತೆಗೆದು ಪರೀಕ್ಷಿಸಲು ಸಿದ್ಧರಾಗುತ್ತಿದ್ದರು. ಆದರೆ ಮಗುವಿನ ಮೈ ಬಿಸಿ ಇರಲಿಲ್ಲ. ನನಗೆ ಅನುಮಾನ ಬಂತು. ರಮ್ಯಾಳನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಅಲ್ಲೂ ಕುಡ್ಸಿದ್ರು ಅಕ್ಕ. ನೀವು ಕುಡ್ಸೋಕೆ ನಾಕು ದಿನ ಮುಂಚೆ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ನನ್ನ ಕೇಳ್ಲೇ ಇಲ್ವಲ್ಲ."

ನೌಕರಿಗೆ ಕುತ್ತು ಬಂದರೆ ಬರಲಿ ಎಂದು ನೇರ ಡಾಕ್ಟರ ಬಳಿ ಹೋಗಿ, ತಪ್ಪು ನನ್ನದು, ವಾರದೊಳಗೆ ಎರಡು ಡೋಸ್ ಹೋಗಿದೆ ಎಂದೆ. ವಿಟಮಿನ್ ಸಿ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಎ ಹಾಗಲ್ಲ, ಯಕೃತ್ತಿನಲ್ಲಿ ಸೇರಿಕೊಳ್ಳುತ್ತದೆ. ಅತಿಯಾದರೆ ಎಳೆಮಗುವಿನ ತಲೆಯೊಳಗೆ ಒತ್ತಡ ಏರಿ ನೆತ್ತಿ ಉಬ್ಬುತ್ತದೆ. ಡಾಕ್ಟರು ತವರೂರಿನ ನರ್ಸ್‌ಗೆ ಫೋನು ಮಾಡಿ ಖಚಿತಪಡಿಸಿಕೊಂಡರು, ಮಗುವನ್ನು ಮತ್ತೆ ಪರೀಕ್ಷಿಸಿದರು, ಬೆನ್ನಿಗೆ ಸೂಜಿ ಬೇಡ, ಕಾದು ನೋಡೋಣ ಎಂದರು. ಮೂರನೆಯ ದಿನ ನೆತ್ತಿ ಇಳಿಯಿತು. ಮಗು ನಕ್ಕಾಗ ನನಗೆ ಅಳು ತಡೆಯಲಾಗಲಿಲ್ಲ.

ಗೌರಮ್ಮ ಮಾತ್ರ ವಾರ್ಡಿನಲ್ಲೇ ಸೊಸೆಯನ್ನು ಬಯ್ಯಲು ಶುರು ಮಾಡಿದರು, ಬಾಯಿ ಸತ್ತವಳು ಎಂದು. ನಾನು ತಡೆದೆ.

"ಅವಳನ್ನ ಬಯ್ಬೇಡಿ. ಕೇಳ್ದೋಳು ನಾನು, ಹೇಳ್ದೋರು ನೀವು. ಗೊತ್ತಿದ್ದೋಳು ಅವಳೊಬ್ಬಳೇ."

ಎಷ್ಟು ಕೊಡಬೇಕು ಎಂಬುದನ್ನು ಇಲಾಖೆ ನನಗೆ ಮೊದಲ ತಿಂಗಳಲ್ಲೇ ಕಲಿಸಿತ್ತು. ಯಾರನ್ನು ಕೇಳಿ ಕೊಡಬೇಕು ಎಂಬುದನ್ನು ಕಲಿಯಲು ನನಗೆ ಮೂವತ್ತು ವರ್ಷ ಬೇಕಾಯಿತು.