ಅಲಗಿನ ತುದಿಯ ಮೂರು ಬೊಟ್ಟು

ಹಳೆಯ ಗರಗಸ ಕೈಗೆ ಬಂದರೆ ಗಂಗಯ್ಯ ಮೊದಲು ತುಕ್ಕು ನೋಡುವುದಿಲ್ಲ. ಅಲಗನ್ನು ಬಗ್ಗಿಸಿ ಬಿಡುತ್ತಾನೆ. ಅದು ನೆಟ್ಟಗೆ ಹಿಂದಿರುಗಿದರೆ ಉಕ್ಕಿಗೆ ಜೀವವಿದೆ ಎಂದರ್ಥ. ಬಾಗಿಯೇ ಉಳಿದರೆ ತಿರುಗಿ ಗುಜರಿಗೆ. ಅರಸೀಕೆರೆಯ ಹಾರನಹಳ್ಳಿ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವ ಅವನ ಕಸುಬು ಇಷ್ಟೇ: ಗುಜರಿ ಅಂಗಡಿಗಳಿಂದ ಗರಗಸ ತಂದು, ತಿಕ್ಕಿ, ಹಲ್ಲಿಗೆ ಅರ ಹಾಕಿ ಹರಿತ ಮಾಡಿ ಬಡಗಿಗಳಿಗೆ ಮಾರುವುದು.

ಆ ಸೋಮವಾರ, ಹಿಂದಿನ ದಿನ ಬೇಲೂರಿನಿಂದ ತಂದಿದ್ದ ಕಟ್ಟಿನಿಂದ ಒಂದನ್ನು ತೆಗೆದು ಡೀಸೆಲ್ ಹಚ್ಚಿ ತಿಕ್ಕುತ್ತಿದ್ದ. ತುಕ್ಕು ಬಿಟ್ಟುಕೊಂಡಂತೆ ಅಲಗಿನ ತುದಿಯಲ್ಲಿ ಕಪ್ಪನೆಯ ಮೂರು ಗುಳಿ ಕಂಡವು, ಒಂದರ ಕೆಳಗೊಂದು. ಅವನ ಕೈ ನಿಂತಿತು.

ಆಯುಧಪೂಜೆಯ ಒದ್ದೆ ಕುಂಕುಮ ವರ್ಷವರ್ಷವೂ ಒಂದೇ ಜಾಗಕ್ಕೆ ಬಿದ್ದರೆ ಉಕ್ಕನ್ನು ತಿನ್ನುತ್ತದೆ. ಅವನು ಕಂಡ ಗರಗಸಗಳಲ್ಲೆಲ್ಲ ಆ ಕಲೆ ಹಿಡಿಯ ಪಕ್ಕದಲ್ಲಿರುತ್ತಿತ್ತು. ಗಂಗಯ್ಯನ ಅವ್ವ ಮಾತ್ರ ಅಪ್ಪನ ಗರಗಸದ ಹಿಡಿಯನ್ನು ಗೋಡೆಗೆ ಮಾಡಿ, ತುದಿಯನ್ನು ತನ್ನ ಕಡೆಗಿಟ್ಟುಕೊಂಡು ಮೂರು ಬೊಟ್ಟು ಇಡುತ್ತಿದ್ದಳು. ಅವ್ವ ಹೋದ ಮೇಲೂ ತಮ್ಮ ಮಧುಕುಮಾರ್ ಅದನ್ನೇ ನಡೆಸಿಕೊಂಡು ಬಂದಿದ್ದ. ಹಳೇಬೀಡಿನಲ್ಲಿ ಹೆಂಚಿನ ಚಾವಣಿಗೆ ಮರ ಕೂರಿಸುವ ಬಡಗಿ ಅವನು. ಊಟ ಬಿಟ್ಟಾನು, ಅಪ್ಪನ ಗರಗಸ ಬಿಡುವವನಲ್ಲ.

“ಬೇರೆಯವ್ರದ್ದೂ ಇರ್ಬೋದು ಕಣ್ರೀ,” ಎಂದಳು ಹೆಂಡತಿ ಮಾರಮ್ಮ. ಹೇಳುತ್ತಲೇ ಮಧುವಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಅವನ ಹೆಂಡತಿ ಅಕ್ಷತಾಳದು ರಿಂಗಾಗಿ ರಿಂಗಾಗಿ ನಿಂತಿತು.

ಇನ್ನೊಂದು ಗುರುತಿತ್ತು. ಅಪ್ಪನ ಗರಗಸದ ಹಿಡಿ ಅಲ್ಲಾಡುತ್ತದೆಂದು ಹಿಂದೊಮ್ಮೆ ಗಂಗಯ್ಯನೇ ಅದರೊಳಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿದಿದ್ದ. ಹಿತ್ತಾಳೆಯ ಸ್ಕ್ರೂ ಬಿಚ್ಚಿದರೆ ತಿಳಿದುಹೋಗುತ್ತದೆ. ಅದಕ್ಕೇ ಅವನು ಬಿಚ್ಚಲಿಲ್ಲ. “ಕೊಡ್ರಿ ಇಲ್ಲಿ,” ಎಂದು ಮಾರಮ್ಮನೇ ಕಿತ್ತುಕೊಂಡು ತಿರುಗಿಸಿದಳು. ಕಪ್ಪು ರಬ್ಬರು ಹೊರಬಂತು.

ಗರಗಸವನ್ನು ಗೋಣಿಯಲ್ಲಿ ಸುತ್ತಿಕೊಂಡು ಬೇಲೂರಿನ ಬಸ್ಸು ಹತ್ತಿದ. ಜಾವಗಲ್ ದಾಟಿ ಹಳೇಬೀಡು ಬಂತು. ಇಳಿದರೆ ತಮ್ಮನ ಮನೆ ಕೂಗಳತೆ. ಗಂಗಯ್ಯ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೇ ಕೂತಿದ್ದ, ಬಸ್ಸು ಹೊರಟಿತು. ಏನಾದರೂ ಆಗಿದ್ದರೆ ಅಣ್ಣನಿಗೆ ಹೇಳದೆ ಇರುತ್ತಿದ್ದರೇ ಎಂದು ತನಗೆ ತಾನೇ ಹೇಳಿಕೊಂಡ. ಮೊದಲು ಗುಜರಿಯಲ್ಲೇ ಕೇಳಿಬಿಡುವುದು ಎಂದುಕೊಂಡ.

ಬೇಲೂರಿನ ಗುಜರಿಯ ಹುಡುಗ ಹೇಮಂತ್ ನಕ್ಕ. “ಏನ್ ಗಂಗಯ್ಯಣ್ಣ, ವಾಪಸ್ ತಂದ್ಯಾ? ಗುಜರೀಲಿ ಗ್ಯಾರಂಟಿ ಕೊಡಲ್ಲ ಕಣಣ್ಣ.”

“ಯಾರ್ ತಂದ್ಕೊಟ್ರು ಇದನ್ನ?”

ಮುಖ ನೋಡಿ ಹೇಮಂತನ ನಗು ಹೋಯಿತು. “ಹಳೇಬೀಡ್ ಕಡೆಯೋರು, ಒಬ್ರು ಹೆಂಗಸು. ಚೀಲದ ತುಂಬ ಉಳಿ, ಗರಗಸ. ‘ಇನ್ನ ಇವನ್ನ ಹಿಡಿಯೋರಿಲ್ಲ’ ಅಂದ್ರು. ನಾ ಏನೂ ಕೇಳಕ್ಕೋಗ್ಲಿಲ್ಲ.”

ಹಳೇಬೀಡಿಗೆ ಹಿಂದಿರುಗಿ ಗಂಗಯ್ಯ ತಮ್ಮನ ಬೀದಿಗೆ ತಿರುಗಿದ. ನೆಲವನ್ನೇ ನೋಡುತ್ತ ನಡೆದ. ಬಾಗಿಲ ಮುಂದೆ ರಂಗೋಲಿ ಇತ್ತು; ಸೂತಕದ ಮನೆಯ ಮುಂದೆ ಅದು ಇರುವುದಿಲ್ಲ. ಜಗುಲಿ ಹತ್ತಿ ಒಳಗೆ ನೋಡಿದ.

ಮಧು ಒಳಗಿದ್ದ. ಚಾಪೆಯ ಮೇಲೆ, ಗೋಡೆಗೆ ಒರಗಿ. ಮೈಮೇಲೆ ಒಂದು ಗೀರೂ ಇರಲಿಲ್ಲ.

“ಬಡ್ಡೆತ್ತದೆ, ಫೋನ್ ಎತ್ತಕ್ಕೆ ಏನ್ಲಾ ಆಗಿತ್ತು ನಿಂಗೆ?” ಎಂದು ಗಂಗಯ್ಯ ಕೂಗಿದ.

ಉತ್ತರ ಕೊಟ್ಟವಳು ಅಕ್ಷತಾ. “ಹೋದ ತಿಂಗಳು ಚಾವಣಿಯಿಂದ ಬಿದ್ರು ಭಾವ. ಕೆಳಗೆ ಹುಲ್ಲಿತ್ತು, ಏನೂ ಆಗ್ಲಿಲ್ಲ. ಅವತ್ತಿಂದ ಗರಗಸ ಕಂಡ್ರೆ ಕೈ ನಡುಗ್ತವೆ. ಕೆಲ್ಸಕ್ಕೆ ಕರೀತಾರೆ ಅಂತ ಫೋನೂ ಆಫು. ಸಾಮಾನು ಮನೇಲಿದ್ರೆ ಊಟಾನೇ ಮಾಡಲ್ಲ. ಅದಕ್ಕೇ ಕೊಟ್‌ಬಿಟ್ಟೆ. ನಿಮ್ಗೆ ಹೇಳ್ಬಾರ್ದು ಅಂತ ಆಣೆ ಬೇರೆ ಹಾಕ್ಸಿದ್ರು.”

ಮಧುವಿನ ಕಣ್ಣು ಗೋಣಿಯ ಮೇಲಿತ್ತು. “ಅದೇನಾ ಅಣ್ಣ?”

“ಹ್ಞೂ.”

“ಅರ ಹಾಕಿದ್ದೀಯಾ?”

“ಇಲ್ಲ ಕಣೋ, ಇನ್ನೂ ಇಲ್ಲ.”

“ಹಾಕ್ಬೇಡಣ್ಣ.” ಮಧು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದ. ಆದರೂ ಭುಜ ಅದುರುತ್ತಿತ್ತು.

ಗಂಗಯ್ಯ ಗೋಣಿಯನ್ನು ಕಾಲಿನಿಂದ ಬಾಗಿಲ ಹಿಂದಕ್ಕೆ ತಳ್ಳಿದ. ಆಮೇಲೆ ತಮ್ಮನಿಗೂ ಅದಕ್ಕೂ ನಡುವೆ, ಅದು ಕಾಣದ ಹಾಗೆ, ಚಾಪೆಯ ಮೇಲೆ ಕೂತ. “ಊಟಕ್ಕಿಡು ತಾಯಿ,” ಎಂದ ಅಕ್ಷತಾಳಿಗೆ. “ಇಬ್ರಿಗೂ.”