ಅಕ್ಕಿ ಅಂಗಡಿಯ ಕಪ್ಪು ಫೋನು

ನಗೋಯಾದ ನಮ್ಮ ಮನೆ ಹತ್ತಿರ, ರಸ್ತೆ ಬದಿಯಲ್ಲಿ, ನಾಣ್ಯ ಹಾಕಿದರೆ ಅಕ್ಕಿಗೆ ಪಾಲಿಶ್ ಮಾಡಿಕೊಡುವ ಯಂತ್ರದ ಗೂಡೊಂದಿದೆ. ಕಳೆದ ವಾರ ಅದರ ಬಾಗಿಲು ತೆಗೆದಾಗ ಬಿಸಿ ತೌಡಿನ ವಾಸನೆ ಮುಖಕ್ಕೆ ಬಡಿಯಿತು. ಕೈಯಲ್ಲಿದ್ದ ಚೀಲ ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟೆ… ಹಿಂದೆ ನಾವಿದ್ದ ತ್ಸುಕುಬಾದ ಅಕ್ಕಿ ಅಂಗಡಿಯ ಅಜ್ಜಿಯ ಏಪ್ರನ್ನಿಗೂ ಇದೇ ವಾಸನೆಯಿತ್ತು.

ಆಗ ನಮ್ಮ ಯಜಮಾನರು ಅಲ್ಲಿನ ಸಂಶೋಧನಾ ಸಂಸ್ಥೆಯಲ್ಲಿದ್ದರು. ಬೆಂಗಳೂರಿನಲ್ಲಿ ಟೆಲಿಫೋನ್ ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ನಾನು ಕೆಲಸ ಬಿಟ್ಟು ಮಕ್ಕಳನ್ನು ನೋಡಿಕೊಂಡಿದ್ದೆ. ಅಜ್ಜಿಯನ್ನು ಎಲ್ಲರ ಹಾಗೆ ನಾನೂ ಒಬಾಚಾನ್ ಎನ್ನುತ್ತಿದ್ದೆ. ಅವರಿಗೆ ನಾನು ಓಕುಸಾನ್, ಅಂದರೆ ಮನೆಯ ಯಜಮಾನಿತಿ. ಪುಳಿಯೋಗರೆಗೆ ಉದುರುದುರಾಗಿ ಬರುವ ಅಕ್ಕಿ ಕೇಳಿದರೆ ಹೊಟ್ಟೆ ಹಿಡಿದು ನಗುತ್ತಿದ್ದರು.

"ಒಂದಕ್ಕೊಂದು ಅಂಟದೇ ಇದ್ರೆ ಅದು ಅನ್ನಾನಾ, ಓಕುಸಾನ್? ನಿಮ್ಮೂರಲ್ಲಿ ಅಗುಳುಗಳೂ ಜಗಳ ಆಡ್ತಾವಾ?"

ಅವರ ಗಿರಾಕಿಗಳೆಲ್ಲ ವಯಸ್ಸಾದವರು, ಹತ್ತು ಕಿಲೋ ಚೀಲ ಹೊರಲಾಗದವರು. ಫೋನ್ ಮಾಡುವರು. ಅಜ್ಜಿ ಅವತ್ತೇ ಅಕ್ಕಿ ಪಾಲಿಶ್ ಮಾಡಿ ಮೂರು ಗಾಲಿಯ ಸೈಕಲ್ಲಿನಲ್ಲಿ ಮನೆಗೆ ಮುಟ್ಟಿಸುವರು. ಆ ಫೋನಿನ ಮೇಲೆಯೇ ಅಂಗಡಿ ನಡೆಯುತ್ತಿತ್ತು. ಅಜ್ಜಿ ತಾವಾಗಿ ಮಾತ್ರ ಯಾರಿಗೂ ಕರೆ ಮಾಡಿದವರಲ್ಲ. ಅಕ್ಕಿ ಮುಗಿಯಿತಾ ಎಂದು ನಾವೇ ಕೇಳುವುದು ಬೇರೆಯವರ ಡಬ್ಬಿಗೆ ಕೈ ಹಾಕಿದ ಹಾಗೆ ಎನ್ನುತ್ತಿದ್ದರು.

ಕೌಂಟರಿನ ಮೇಲಿದ್ದದ್ದು ಬೆರಳು ಹಾಕಿ ತಿರುಗಿಸುವ ಕಪ್ಪು ಫೋನು. 2011ರ ದೊಡ್ಡ ಭೂಕಂಪದ ಮಧ್ಯಾಹ್ನ ಕರೆಂಟು ಹೋಯಿತು, ನೀರು ನಿಂತಿತು, ಮೊಬೈಲುಗಳು ಕೈಕೊಟ್ಟವು. ಹಳೆಯ ಲೈನಿನ ಫೋನಿಗೆ ಬೇಕಾದಷ್ಟು ಕರೆಂಟು ಅದರ ತಂತಿಯಲ್ಲೇ ಬರುತ್ತದೆ, ಹಾಗಾಗಿ ಅದೊಂದು ಬದುಕಿತ್ತು. ಇಡೀ ಬೀದಿ ಅಂಗಡಿ ಮುಂದೆ ಸಾಲು ನಿಂತಿತು. ಮೈಸೂರಿನಲ್ಲಿದ್ದ ಅಮ್ಮನಿಗೆ ನಾನು "ಬದುಕಿದ್ದೀವಮ್ಮಾ" ಅಂದದ್ದು ಅದರಿಂದಲೇ. ಆಮೇಲೆ ಅಣು ವಿದ್ಯುತ್ ಸ್ಥಾವರಗಳು ನಿಂತು ದೇಶಕ್ಕೆ ದೇಶವೇ ಕರೆಂಟು ಉಳಿಸಲು ಹೊರಟಾಗ, ಅಂಗಡಿ ಮುಚ್ಚುವ ಮುಂಚೆ ಪ್ಲಗ್ಗುಗಳನ್ನೆಲ್ಲ ಕಿತ್ತು ಸುತ್ತಿಡುವುದನ್ನು ಅಜ್ಜಿ ರೂಢಿ ಮಾಡಿಕೊಂಡರು. ಬೇರೆಯವರು ಕ್ರಮೇಣ ಬಿಟ್ಟರು, ಅವರು ಬಿಡಲಿಲ್ಲ.

ಭೂಕಂಪವಾಗಿ ಕೆಲವು ವರ್ಷಗಳ ಮೇಲೆ, ಹಳೆಯ ಟೆಲಿಫೋನ್ ಜಾಲವನ್ನೇ ಮುಚ್ಚುತ್ತಾರೆ, ವ್ಯಾಪಾರಸ್ಥರು ಈಗಿನಿಂದಲೇ ಸಿದ್ಧರಾಗಬೇಕು ಎಂಬ ಸುದ್ದಿ ಹಬ್ಬಿತು. ನನ್ನ ಹಳೆಯ ಕಸುಬಲ್ಲವೇ, ಸುಮ್ಮನಿರಲಾಗಲಿಲ್ಲ. ಇಂಟರ್ನೆಟ್ ಲೈನಿಗೆ ಬದಲಾಗಿಬಿಡಿ, ಅದೇ ನಂಬರು, ಅದೇ ಫೋನು, ನಡುವೆ ಒಂದು ಪುಟ್ಟ ಪೆಟ್ಟಿಗೆ ಅಷ್ಟೇ ಎಂದೆ. "ಇದೇ ಸಾಕು, ಓಕುಸಾನ್" ಎಂದರು. ಮತ್ತೆ ಹೋದೆ. ಟೀ ಕೊಟ್ಟು ಅದನ್ನೇ ಹೇಳಿದರು.

"ಬಿಟ್ಬಿಡೇ, ಇಲ್ಲಿಯವರು ಸಾಕು ಅಂದ್ರೆ ಸಾಕು ಅಂತಾನೇ ಅರ್ಥ" ಎಂದರು ಯಜಮಾನರು.

"ಸುಮ್ನಿರ್ರೀ. ಮೂರನೇ ಸಲ ಕೇಳದೇನೇ ಯಾರಾದ್ರೂ ಎಲೆಗೆ ಹೋಳಿಗೆ ಹಾಕಿಸ್ಕೊಳ್ತಾರಾ?"

ನಾನು ಬೆಳೆದದ್ದೇ ಹಾಗೆ. ಮೊದಲ 'ಬೇಡ' ಸಂಕೋಚದ್ದು, ಎರಡನೆಯದು ಮರ್ಯಾದೆಯದು. ಮೂರನೇ ಸಲ ಮಳೆಯಲ್ಲಿ ನೆನೆದುಕೊಂಡು, ಹೋಳಿಗೆ ಡಬ್ಬಿ ಹಿಡಿದೇ ಹೋದೆ. ಅಜ್ಜಿ ನನ್ನ ಒದ್ದೆ ತಲೆಯನ್ನೇ ನೋಡಿದರು. ಟವೆಲ್ ತಂದುಕೊಟ್ಟರು. ತಲೆ ಬಾಗಿಸಿ "ಇಷ್ಟು ತೊಂದರೆ ತಗೊಂಡಿದ್ದೀರಿ, ಆಗಲಿ" ಎಂದರು. ಗೆದ್ದೆ ಅಂದುಕೊಂಡೆ.

ಪೆಟ್ಟಿಗೆ ಬಂತು, ಹಸಿರು ದೀಪಗಳು ಮಿನುಗಿದವು. ಏನಾದರೆ ಏನು ಮಾಡಬೇಕೆಂದು ದೊಡ್ಡ ಅಕ್ಷರಗಳಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದೆ. ಮರುದಿನವೇ ಮಕ್ಕಳ ಬೇಸಿಗೆ ರಜೆಗೆಂದು ನಾವೆಲ್ಲ ಮೈಸೂರಿಗೆ ಹೊರಟೆವು.

ಆರು ವಾರ ಬಿಟ್ಟು ಬಂದಾಗ ಅಂಗಡಿಯಲ್ಲಿ ತೌಡಿನ ವಾಸನೆ ಇರಲಿಲ್ಲ. ಅಜ್ಜಿ ಏಪ್ರನ್ ಕಟ್ಟಿಕೊಂಡು ಫೋನಿನ ಪಕ್ಕ ಕೂತಿದ್ದರು.

"ಫೋನ್ ಬರ್ತಿಲ್ವಾ, ಒಬಾಚಾನ್?"

"ಈ ಬಿಸಿಲಿಗೆ ಯಾರಿಗೆ ಹಸಿವು, ಓಕುಸಾನ್?" ನಕ್ಕರು. ಆಮೇಲೆ, "ನನಗೂ ವಯಸ್ಸಾಯ್ತು. ಎಲ್ಲರೂ ಬೇರೆ ಕಡೆ ನೋಡ್ಕೊಂಡಿರಬೇಕು" ಎಂದರು.

ರಿಸೀವರ್ ಎತ್ತಿದೆ. ಸದ್ದಿಲ್ಲ. ಬಗ್ಗಿ ನೋಡಿದರೆ ಪೆಟ್ಟಿಗೆಯ ಹಿಂದೆ ಅದರ ಪ್ಲಗ್ಗು, ವೈರು ಅಂದವಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಮಲಗಿತ್ತು.

"ಇದನ್ನ ಯಾವಾಗ ಕಿತ್ತಿದ್ದು?"

"ನೀವು ಊರಿಗೆ ಹೋದ ಸಂಜೆ. ಸುಮ್ಮನೆ ದೀಪ ಉರೀತಾ ಇತ್ತು… ಫೋನಿಗೆ ಕರೆಂಟು ಬೇಡವಲ್ಲ?"

ಗೋಡೆಯ ಮೇಲೆ ನಾನು ಬರೆದ ಹಾಳೆ ಹಾಗೇ ಇತ್ತು. ಈ ಪ್ಲಗ್ ಮಾತ್ರ ಕೀಳಬಾರದು ಎಂಬ ಒಂದು ಸಾಲು ಅದರಲ್ಲಿರಲಿಲ್ಲ.

ಪ್ಲಗ್ ಚುಚ್ಚಿದೆ. ದೀಪಗಳು ಬಂದು ಸ್ವಲ್ಪ ಹೊತ್ತಿಗೇ ಫೋನು ಬಡಿದುಕೊಂಡಿತು! ಅಜ್ಜಿ ಎದ್ದು, ಏಪ್ರನ್ ಸರಿಮಾಡಿಕೊಂಡು, ಎರಡೂ ಕೈಯಲ್ಲಿ ರಿಸೀವರ್ ಎತ್ತಿದರು. ಯಾರೋ ಇನ್ನೂ ವೇಗದ ಇಂಟರ್ನೆಟ್ ಮಾರುವವರು. ಪೂರ್ತಿ ಕೇಳಿಸಿಕೊಂಡು, ವಂದಿಸಿ, ಮೆಲ್ಲಗೆ ಇಟ್ಟರು.

ಅವರ ಹಳೆಯ ಗಿರಾಕಿಯೊಬ್ಬರು, ನಿವೃತ್ತ ಮೇಷ್ಟರು, ಪಾರ್ಕಿನಲ್ಲಿ ಸಿಕ್ಕಾಗ ನಡೆದದ್ದನ್ನು ಹೇಳಿದೆ. ಅವರ ಮುಖ ಸಣ್ಣದಾಯಿತು. "ಎಷ್ಟೋ ಸಲ ಫೋನ್ ಮಾಡಿದೆವು. ಏನೋ ಆಗಿರಬೇಕು ಅನ್ನಿಸಿತು… ಹೋಗಿ ವಿಚಾರಿಸೋದು ಸರಿ ಕಾಣಲಿಲ್ಲ. ಈಗ ಸೂಪರ್ ಮಾರ್ಕೆಟಿನವರೇ ಮನೆಗೆ ತಂದುಕೊಡ್ತಾರೆ." ತಲೆ ಬಾಗಿಸಿ ಸೈಕಲ್ ಹತ್ತಿದರು. ಮತ್ತೆ ಅಂಗಡಿ ಕಡೆ ಬರಲಿಲ್ಲ. ಯಾವ ಮುಖ ಹೊತ್ತು ಬಂದಾರು?

ಎಲ್ಲ ಗಿರಾಕಿಗಳಿಗೂ ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದೆ. "ಬೇಡ, ಓಕುಸಾನ್" ಎಂದರು ಅಜ್ಜಿ. ಆ 'ಬೇಡ'ವನ್ನು ಮಾತ್ರ ನಾನು ಒಂದೇ ಸಲಕ್ಕೆ ನಂಬಿದೆ. ಅವತ್ತಾದರೂ ಬಲವಂತ ಮಾಡಬೇಕಿತ್ತೇನೋ…

ಹೊಸ ಅಕ್ಕಿ ಬರುವ ಮುಂಚೆಯೇ ಅಂಗಡಿ ಮುಚ್ಚಿತು. ತಾವು ಊರು ಬಿಡುವ ದಿನ ಅಜ್ಜಿ ಐದು ಕಿಲೋ ಅಕ್ಕಿ ಹಿಡಿದು ನಮ್ಮ ಬಾಗಿಲಿಗೆ ಬಂದು, ನನಗೆ ತುಂಬಾ ತೊಂದರೆ ಕೊಟ್ಟೆನೆಂದು ಕ್ಷಮೆ ಕೇಳಿದರು. ಅವರು ನನ್ನನ್ನು! ಹಳೆಯ ಲೈನುಗಳು ಅದಾದ ಮೇಲೂ ಎಷ್ಟೋ ವರ್ಷ ನಡೆದವು. ನನ್ನ ಅವಸರಕ್ಕೆ ಅರ್ಥವೇ ಇರಲಿಲ್ಲ. ಅಜ್ಜಿ ಈಗ ಇದ್ದಾರೋ ಇಲ್ಲವೋ… ವಿಚಾರಿಸುವ ಧೈರ್ಯ ನನಗೂ ಬರಲಿಲ್ಲ.

ಗೂಡಿನಿಂದ ತಂದ ಅಕ್ಕಿಯಲ್ಲಿ ಈ ಭಾನುವಾರ ಮೊಸರನ್ನ ಮಾಡಿದ್ದೆ. ಯಜಮಾನರ ಆಫೀಸಿನವರು, ಬೆಂಗಳೂರಿನ ದಂಪತಿ, ಊಟಕ್ಕೆ ಬಂದಿದ್ದರು. ಬಡಿಸಲು ಹೋದೆ, "ಸಾಕು" ಎಂದರು, ಪಾತ್ರೆ ಮುಚ್ಚಿದೆ.

"ಏನ್ರೀ ಮೇಡಂ, ಜಪಾನಿನವರೇ ಆಗ್ಬಿಟ್ರಲ್ಲಾ! ಇನ್ನೊಂದ್ ಸಲ ಕೇಳಲ್ವಾ?" ಎಂದು ನಕ್ಕರು.

ನಾನೂ ನಕ್ಕೆ. ಪಾತ್ರೆ ಒಳಗೆ ತೆಗೆದುಕೊಂಡು ಹೋದೆ. ಕೇಳಲಿಲ್ಲ.